ಕೆಲಸದ ಜಾಗದಲ್ಲಿ ಕಾರು ಚಾರ್ಜಿಂಗ್: ಫಾಸ್ಟ್ ಚಾರ್ಜರ್ ಬಿಡಿ, ಸಾಕೆಟ್ ಕೇಳಿ

ಕಚೇರಿ, ಕಾರ್ಖಾನೆಗಳಲ್ಲಿ ವಿದ್ಯುತ್ ಕಾರಿಗೆ ಚಾರ್ಜಿಂಗ್ ಸೌಲಭ್ಯ ಕೊಡಿಸುವುದು ಹೇಗೆಂದು ಕೇಳುವ ಪತ್ರಗಳು ಈಚೆಗೆ ಒಂದರ ಹಿಂದೊಂದು ಬರುತ್ತಿವೆ. ಬಹುತೇಕ ಪತ್ರಗಳಲ್ಲಿ ಆಡಳಿತದವರ ಮೇಲಿನ ಸಿಟ್ಟು ಬೇಕಾದಷ್ಟಿರುತ್ತದೆ, ಲೆಕ್ಕ ಮಾತ್ರ ಇರುವುದಿಲ್ಲ. ಹೀಗಾಗಿ ಈ ಸಲ ಒಂದೇ ಪತ್ರಕ್ಕೆ ಹೆಚ್ಚಿನ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಬೇಲೂರಿನಲ್ಲಿ ಬಾಡಿಗೆ ಮನೆಯ ಮಹಡಿಯಲ್ಲಿ ವಾಸವಾಗಿದ್ದೇನೆ, ಕಾರು ರಸ್ತೆ ಬದಿಯಲ್ಲಿ ನಿಲ್ಲುತ್ತದೆ. ಹಾಸನದ ಕೈಗಾರಿಕಾ ಪ್ರದೇಶದ ಕಾರ್ಖಾನೆಗೆ ದಿನವೂ ಹೋಗಿಬರುತ್ತೇನೆ. ಪರಿಸರ ಕಾಳಜಿಯನ್ನು ವಿವರಿಸಿ, ಫಾಸ್ಟ್ ಚಾರ್ಜರ್ ಹಾಕಿಸಿಕೊಡಿ ಎಂದು ಕೆಲವರು ಸೇರಿ ಮನವಿ ಕೊಟ್ಟೆವು. ‘ಲೋಡ್ ಸಾಲದು, ಖರ್ಚು ಹೆಚ್ಚು, ಪೆಟ್ರೋಲ್ ಗಾಡಿಯವರಿಗೆ ಏನು ಉತ್ತರ ಹೇಳುವುದು’ ಎಂದು ಎಚ್.ಆರ್. ವಿಭಾಗ ಅದನ್ನು ಹಿಂದಿರುಗಿಸಿತು. ಅವರನ್ನು ಒಪ್ಪಿಸುವುದು ಹೇಗೆ?

ಉತ್ತರ: ಅವರ ಜಾಗದಲ್ಲಿದ್ದಿದ್ದರೆ ನಾನೂ ಹಿಂದಿರುಗಿಸುತ್ತಿದ್ದೆ. ಲಕ್ಷಗಟ್ಟಲೆ ಬೆಲೆಬಾಳುವ, ಹತ್ತಾರು ಕಿಲೋವ್ಯಾಟ್ ಎಳೆಯುವ ಯಂತ್ರ ಹೆದ್ದಾರಿ ಬದಿಯ ಹೋಟೆಲಿಗೆ ಸರಿ. ಬೆಳಿಗ್ಗೆ ಬಂದು ಸಂಜೆಯವರೆಗೆ ಒಂದೇ ಕಡೆ ನಿಲ್ಲುವ ಕಾರಿಗೆ ಅದರಿಂದೇನು ಪ್ರಯೋಜನ? ನಿಮ್ಮ ದಾರಿ ಹೋಗಿಬರಲು ಸುಮಾರು 80 ಕಿಲೋಮೀಟರ್. ಯೂನಿಟ್‌ಗೆ 7 ಕಿಲೋಮೀಟರ್ ಓಡುವ ಕಾರಿಗೆ, ಚಾರ್ಜ್ ಆಗುವಾಗ ಸೋರಿಹೋಗುವುದನ್ನೂ ಸೇರಿಸಿಕೊಂಡರೆ, ದಿನಕ್ಕೆ 13 ಯೂನಿಟ್ ಸಾಕು. 16 ಆಂಪಿಯರಿನ ಸಾಮಾನ್ಯ ಮೂರು ಪಿನ್ ಸಾಕೆಟ್‌ನಿಂದ 3 ಕಿಲೋವ್ಯಾಟ್‌ನಂತೆ ತೆಗೆದುಕೊಂಡರೂ ನಾಲ್ಕೂವರೆ ಗಂಟೆಯಲ್ಲಿ ಅಷ್ಟು ತುಂಬುತ್ತದೆ. ಊಟದ ಹೊತ್ತಿಗೆ ಒಬ್ಬರು ಕಾರು ತೆಗೆದು ಇನ್ನೊಬ್ಬರಿಗೆ ಜಾಗ ಬಿಟ್ಟುಕೊಟ್ಟರೆ ಒಂದೇ ಸಾಕೆಟ್ ಇಬ್ಬರಿಗಾಗುತ್ತದೆ. ನೀವು ಕೇಳಬೇಕಾದದ್ದು ಇಂಥ ಎರಡು ಮೂರು ಸಾಕೆಟ್‌ಗಳನ್ನು ಮಾತ್ರ.

ಇನ್ನು ಲೋಡ್ ವಿಚಾರ. ಆಡಳಿತದವರು ಹೇಳಿದ್ದು ನೆಪವೂ ಇರಬಹುದು, ನಿಜವೂ ಇರಬಹುದು. ಎರಡರಲ್ಲಿ ಯಾವುದೆಂದು ತೋರಿಸುವ ಕಾಗದ ಕಾರ್ಖಾನೆಯಲ್ಲೇ ಇದೆ. ಎಚ್.ಆರ್. ಬಾಗಿಲು ತಟ್ಟುವ ಮೊದಲು ಮೆಂಟೆನೆನ್ಸ್ ವಿಭಾಗದ ಎಲೆಕ್ಟ್ರಿಷಿಯನ್ ಬಳಿ ಹೋಗಿ, ಕಳೆದ ಹನ್ನೆರಡು ತಿಂಗಳ ಸೆಸ್ಕ್ (ಈ ಭಾಗಕ್ಕೆ ವಿದ್ಯುತ್ ಪೂರೈಸುವ ಕಂಪನಿ) ಬಿಲ್ಲುಗಳನ್ನು ನೋಡಬಹುದೇ ಎಂದು ಕೇಳಿ. ಎಚ್.ಟಿ. (ಹೈ ಟೆನ್ಷನ್) ಸಂಪರ್ಕದ ಬಿಲ್ಲಿನಲ್ಲಿ ಕಾಂಟ್ರ್ಯಾಕ್ಟ್ ಡಿಮಾಂಡ್, ಅಂದರೆ ಒಮ್ಮೆಲೇ ಎಳೆಯಲು ಒಪ್ಪಂದವಾದ ಮಿತಿ ಎಷ್ಟು, ಆ ತಿಂಗಳು ದಾಖಲಾದ ಗರಿಷ್ಠ ಡಿಮಾಂಡ್ ಎಷ್ಟು ಎಂಬೆರಡೂ ಕೆ.ವಿ.ಎ. ಲೆಕ್ಕದಲ್ಲಿ (ಇಲ್ಲಿ ಹೆಚ್ಚುಕಡಿಮೆ ಕಿಲೋವ್ಯಾಟ್ ಎಂದೇ ತಿಳಿಯಿರಿ) ಅಚ್ಚಾಗಿರುತ್ತವೆ. ಅತಿ ಹೆಚ್ಚು ಬಳಕೆಯಾದ ತಿಂಗಳಲ್ಲೂ ಇವೆರಡರ ನಡುವೆ 30 ಕೆ.ವಿ.ಎ. ಅಂತರ ಉಳಿದಿದ್ದರೆ, ಮೂರು ಸಾಕೆಟ್‌ಗಳ 10 ಕಿಲೋವ್ಯಾಟ್ ಯಾರಿಗೂ ಭಾರವಲ್ಲ. ಅಂತರವೇ ಇಲ್ಲದಿದ್ದರೆ, ಮಿತಿ ಮೀರಿದ ಡಿಮಾಂಡಿಗೆ ದಂಡ ಕಟ್ಟಬೇಕಾಗುತ್ತದೆ ಎಂಬ ಅವರ ಅಂಜಿಕೆ ನ್ಯಾಯವಾದದ್ದೇ. ಆಗ ದೊಡ್ಡ ಮೋಟಾರುಗಳು ಒಟ್ಟಿಗೆ ಓಡುವ ವೇಳೆಯನ್ನು ಬಿಟ್ಟು ಚಾರ್ಜ್ ಮಾಡುತ್ತೇವೆ ಎಂದು ಬರೆದುಕೊಡಿ, ಅದಕ್ಕೊಂದು ಟೈಮರ್ ಹಾಕಿಸಲು ಒಪ್ಪಿ.

ಮನವಿಗಳಲ್ಲಿ ನಾನು ಇನ್ನೂ ನೋಡದ ಸಾಲೊಂದಿದೆ: ‘ಈ ಸಾಕೆಟ್‌ಗಳನ್ನು ಜನರೇಟರ್ ಲೈನಿಗೆ ಸೇರಿಸಬಾರದು.’ ಮಳೆಗಾಲದಲ್ಲಿ ಕರೆಂಟು ಹೋದಾಗ ಡೀಸೆಲ್ ಸುಟ್ಟು ಸಿಬ್ಬಂದಿಯ ಕಾರು ತುಂಬಿಸಬೇಕಾದೀತು ಎಂಬುದು ಮಾಲೀಕರ ಮನಸ್ಸಿನಲ್ಲಿರುವ, ಬಾಯಿಬಿಟ್ಟು ಹೇಳದ ಭಯ. ಅದನ್ನು ನೀವೇ ಮೊದಲು ಎತ್ತಿದರೆ, ಕೇಳುತ್ತಿರುವವರು ವಿಷಯ ತಿಳಿದವರು ಎಂಬ ನಂಬಿಕೆ ಅವರಿಗೆ ಬರುತ್ತದೆ.

ಪೆಟ್ರೋಲ್ ಗಾಡಿಯವರಿಗೆ ಏನು ಹೇಳುವುದೆಂಬ ಪ್ರಶ್ನೆ ನನ್ನ ದೃಷ್ಟಿಯಲ್ಲಿ ಸರಿಯಾದದ್ದು, ಅದಕ್ಕೆ ಉತ್ತರವೂ ಸುಲಭ: ಪುಕ್ಕಟೆ ಕೇಳಬೇಡಿ. ಪ್ರತಿ ಸಾಕೆಟ್‌ಗೂ ಒಂದು ಸಬ್‌ಮೀಟರ್ ಇರಲಿ, ತಿಂಗಳ ಕೊನೆಗೆ ರೀಡಿಂಗ್ ಬರೆದು ಹಣವನ್ನು ಸಂಬಳದಲ್ಲಿ ಹಿಡಿದುಕೊಳ್ಳಲಿ. ಯೂನಿಟ್‌ಗೆ 8 ರೂಪಾಯಿ ಎಂದು ಹಿಡಿದರೆ 25 ದಿನಕ್ಕೆ ನಿಮ್ಮ ಪಾಲು ಸುಮಾರು 2,600 ರೂಪಾಯಿ. ಪೆಟ್ರೋಲಿಗೆ ಹೋಲಿಸಿದರೆ ಅದು ನಿಮಗೆ ಲಾಭವೇ. ಕಂಪನಿಯ ಮೇಲೆ ಬೀಳುವುದು ವೈರಿಂಗ್ ಖರ್ಚು ಮಾತ್ರ, ಅದರಲ್ಲೂ ಅರ್ಧ ನಾವು ಭರಿಸುತ್ತೇವೆ ಎಂದರೆ ತಪ್ಪೇನಿಲ್ಲ. ಸ್ವಂತ ಮನೆ, ಸ್ವಂತ ಶೆಡ್ ಇದ್ದು ರಾತ್ರಿ ಅಲ್ಲೇ ಚಾರ್ಜ್ ಮಾಡಿಕೊಳ್ಳಬಲ್ಲವರು ದಯವಿಟ್ಟು ಈ ಪಟ್ಟಿಯಲ್ಲಿ ಹೆಸರು ಬರೆಸಬೇಡಿ; ನಿಮ್ಮಿಂದ ಬಾಡಿಗೆ ಮನೆಯವರ ಬೇಡಿಕೆ ದುರ್ಬಲವಾಗುತ್ತದೆ.

ವೈರಿಂಗ್ ವಿಷಯದಲ್ಲಿ ನಾನು ಹಟಮಾರಿ. ಪ್ರತಿ ಸಾಕೆಟ್‌ಗೂ ಡಿ.ಬಿ.ಯಿಂದ (ವಿದ್ಯುತ್ ಹಂಚುವ ಪೆಟ್ಟಿಗೆ) ನೇರವಾಗಿ ಬರುವ 4 ಚದರ ಮಿಲಿಮೀಟರಿನ ತಾಮ್ರದ ತಂತಿ, ಪ್ರತ್ಯೇಕ ಎಂ.ಸಿ.ಬಿ. (ಕರೆಂಟ್ ಮಿತಿ ಮೀರಿದರೆ ಬೀಳುವ ಸ್ವಿಚ್ಚು), 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. (ಕರೆಂಟ್ ಸೋರಿದರೆ ಬೀಳುವ ಸ್ವಿಚ್ಚು), ಪರೀಕ್ಷಿಸಿದ ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಸಂಪರ್ಕ) ಇರಲೇಬೇಕು. ಸಾಕೆಟ್ ನೆಲದಿಂದ ಕನಿಷ್ಠ 800 ಮಿಲಿಮೀಟರ್ ಎತ್ತರದಲ್ಲಿರಬೇಕೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳೇ ಹೇಳುತ್ತವೆ. ಮಿಕ್ಸಿಗೆ ಹಾಕುವ ಅಗ್ಗದ ಸಾಕೆಟ್ಟಿಗೆ ಗಂಟೆಗಟ್ಟಲೆ 15 ಆಂಪಿಯರ್ ಹರಿಸಿದರೆ ಪಿನ್ನಿನ ಸುತ್ತ ಪ್ಲಾಸ್ಟಿಕ್ ಮೊದಲು ಹಳದಿಯಾಗುತ್ತದೆ, ಆಮೇಲೆ ಕಂದಾಗಿ ಉಬ್ಬುತ್ತದೆ, ಕೊನೆಗೆ ಪ್ಲಗ್ ಕಿತ್ತರೂ ಬರುವುದಿಲ್ಲ.

ಪ್ರಶ್ನೆ: ನಮ್ಮ ಕಚೇರಿಯ ಸಾಕೆಟ್‌ಗೆ ಹಾಕಿದರೆ ಚಾರ್ಜರಿನಲ್ಲಿ ಕೆಂಪು ದೀಪ ಬರುತ್ತದೆ. ಸ್ಥಳೀಯ ಎಲೆಕ್ಟ್ರಿಷಿಯನ್ ಐದು ನಿಮಿಷದಲ್ಲಿ ಸರಿಮಾಡಿಕೊಡುತ್ತೇನೆ ಎನ್ನುತ್ತಾನೆ. ಮಾಡಿಸಬಹುದೇ? (ಚಿಕ್ಕಮಗಳೂರು)

ಉತ್ತರ: ಬೇಡವೇ ಬೇಡ. ಅರ್ಥಿಂಗ್ ಸರಿಯಿಲ್ಲವೆಂದು ಚಾರ್ಜರ್ ನಿರಾಕರಿಸುತ್ತಿರುವ ಸಾಧ್ಯತೆಯೇ ಹೆಚ್ಚು. ಆತ ಐದು ನಿಮಿಷದಲ್ಲಿ ಮಾಡುವುದೇನೆಂದರೆ, ಸಾಕೆಟ್ಟಿನೊಳಗೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ತುಂಡು ತಂತಿ ಸೇರಿಸಿ ಚಾರ್ಜರಿಗೆ ಮೋಸ ಮಾಡುವುದು. ದೀಪ ಹಸಿರಾಗುತ್ತದೆ, ನಿಜ. ಮುಂದೊಂದು ದಿನ ನ್ಯೂಟ್ರಲ್ ಕಡಿದರೆ ಕಾರಿನ ಇಡೀ ಮೈಗೆ 230 ವೋಲ್ಟ್ ಬರುತ್ತದೆ, ಒದ್ದೆ ನೆಲದಲ್ಲಿ ನಿಂತು ಬಾಗಿಲು ಮುಟ್ಟಿದವರು ಬದುಕುವುದು ಅನುಮಾನ. ಇದೇ ಕೆಲಸ ಮಾಡುವ ‘ಅರ್ಥಿಂಗ್ ಅಡಾಪ್ಟರ್’ಗಳನ್ನು ಆನ್‌ಲೈನಿನಲ್ಲಿ ಮಾರುವವರನ್ನೂ, ಇಂಥ ಎಲೆಕ್ಟ್ರಿಷಿಯನ್‌ಗಳನ್ನೂ ನಾನು ಕುಶಲಕರ್ಮಿಗಳೆಂದು ಕರೆಯಲಾರೆ. ಲೈಸೆನ್ಸ್ ಇರುವ ಗುತ್ತಿಗೆದಾರರಿಂದ ಹೊಸ ಅರ್ಥ್ ಪಿಟ್ ತೆಗೆಸಿ.

ಪ್ರಶ್ನೆ: ಸಿಬ್ಬಂದಿಗೆ ಚಾರ್ಜಿಂಗ್ ಕೊಡಲು ಪರವಾನಗಿ ಬೇಕೆಂದು ನಮ್ಮ ಲೆಕ್ಕಪರಿಶೋಧಕರು ಹೇಳುತ್ತಾರೆ.

ಉತ್ತರ: ಬೇಡ. ವಾಹನ ಚಾರ್ಜಿಂಗ್ ಒಂದು ಸೇವೆ, ಅದಕ್ಕೆ ವಿದ್ಯುತ್ ಕಾಯ್ದೆಯ ಲೈಸೆನ್ಸ್ ಬೇಕಿಲ್ಲವೆಂದು ಕೇಂದ್ರ ಇಂಧನ ಸಚಿವಾಲಯ 2018ರಲ್ಲೇ ಸ್ಪಷ್ಟಪಡಿಸಿದೆ. ಮನೆ, ಕಚೇರಿಗಳ ಈಗಿನ ಸಂಪರ್ಕದಿಂದಲೇ ಚಾರ್ಜ್ ಮಾಡಿಕೊಳ್ಳಬಹುದೆಂದು 2022ರ ಮಾರ್ಗಸೂಚಿಯಲ್ಲೂ ಇದೆ.

ಪ್ರಶ್ನೆ: ಮೂಡಿಗೆರೆ ಬಳಿಯ ಕಾಫಿ ತೋಟದಲ್ಲಿ ರೈಟರ್ (ಲೆಕ್ಕಪತ್ರ ನೋಡಿಕೊಳ್ಳುವವ) ಆಗಿದ್ದೇನೆ. ನನ್ನ ವಿದ್ಯುತ್ ಸ್ಕೂಟರ್ ಚಾರ್ಜಿಗೆ ಹಾಕಿದರೆ ವೋಲ್ಟೇಜ್ ಬೀಳುತ್ತದೆ ಎಂದು ಸಾಹುಕಾರರು ಬೇಡ ಎನ್ನುತ್ತಾರೆ.

ಉತ್ತರ: ಸ್ಕೂಟರ್ ಚಾರ್ಜರ್ ಎಳೆಯುವುದು ಇಸ್ತ್ರಿಪೆಟ್ಟಿಗೆಯಷ್ಟು. ವೋಲ್ಟೇಜ್ ಬೀಳಿಸುವುದು ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಅವರ ಪಲ್ಪರ್ ಮೋಟಾರು. ಅದು ನಿಂತ ಮೇಲೆ ಚಾರ್ಜಿಗೆ ಹಾಕುತ್ತೇನೆ ಎಂದು ಹೇಳಿ ನೋಡಿ.

ಪ್ರಶ್ನೆ: ಪಾರ್ಕಿಂಗ್ ದೂರವಿದೆ. ಕಿಟಕಿಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದುಕೊಂಡರೆ ಆಗದೇ?

ಉತ್ತರ: ಆಗದು. ನಿಯಮವೂ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ.