ಟಿವಿಯಲ್ಲೇ ಕಾಣುವ ರೇಸಿಗೆ ಅಷ್ಟು ದೂರ ಹೋಗಬೇಕಾ?

"ಫಾರ್ಮುಲಾ ಒನ್ ಟಿವಿಯಲ್ಲೇ ಚೆನ್ನಾಗಿ ಕಾಣುತ್ತಲ್ಲ, ದುಡ್ಡು ಸುರಿದು ಸ್ಟ್ಯಾಂಡಿನಲ್ಲಿ ಕೂತರೆ ಸಿಗೋದೇನು?" ಅಂತ ಕೇಳಿದ್ದೀರಿ. ಯಾರು ಮುಂದೆ, ಯಾರು ಹಿಂದೆ ಅಂತ ತಿಳಿಯೋದಷ್ಟೇ ಬೇಕಾದರೆ ಖಂಡಿತ ಹೋಗಬೇಡಿ. ಅದಕ್ಕೆ ಮನೆಯ ಸೋಫಾನೇ ವಾಸಿ. ನಾನು ಹೋಗಿದ್ದು ಒಂದೇ ಸಲ, 2013ರ ಅಕ್ಟೋಬರಿನಲ್ಲಿ, ದೆಹಲಿ ಪಕ್ಕದ ಗ್ರೇಟರ್ ನೊಯ್ಡಾದಲ್ಲಿರುವ ಬುದ್ಧ ರೇಸ್ ಸರ್ಕ್ಯೂಟಿಗೆ. ಅವತ್ತು ನಡೆದ ದೊಡ್ಡ ಘಟನೆ ನನ್ನ ಕಣ್ಣಿಗೆ ಬೀಳಲೇ ಇಲ್ಲ. ಆದರೂ ಹೋಗಿದ್ದಕ್ಕೆ ಬೇಜಾರಿಲ್ಲ.

ಬೆಂಗಳೂರಿಂದ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ, ನೊಯ್ಡಾವರೆಗೆ ಮೆಟ್ರೋ, ಆಮೇಲೆ ಬಸ್ಸು, ಆಮೇಲೆ ನಡಿಗೆ. ಅಮ್ಮ ಕಟ್ಟಿಕೊಟ್ಟಿದ್ದ ಚಕ್ಕುಲಿ ಡಬ್ಬ ಗೇಟಿನಲ್ಲೇ ಹೋಯಿತು, ಹೊರಗಿನ ತಿಂಡಿ ಬಿಡಲ್ಲ ಅಂದರು. ಒಳಗೆ ನೀರಿನ ಬಾಟಲಿಗೆ ಕೊಟ್ಟ ದುಡ್ಡು ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ನಮ್ಮ ಸೀಟು ನಾಲ್ಕನೇ ತಿರುವಿನ ಹತ್ತಿರ. ಮೂರನೇ ತಿರುವು ಕಳೆದರೆ ಒಂದು ಕಿಲೋಮೀಟರಿಗೂ ಹೆಚ್ಚಿನ ನೇರ ದಾರಿ, ಅದರ ಕೊನೆಗೆ ನಾವು. ಆ ದಾರಿ ಸಪಾಟಾಗಿಲ್ಲ, ಇಳಿದು ಏರುತ್ತೆ. ಟಿವಿಯಲ್ಲಿ ಅಷ್ಟು ವರ್ಷ ನೋಡಿದ್ದರೂ ಈ ಏರಿಳಿತ ನನಗೆ ಗೊತ್ತೇ ಆಗಿರಲಿಲ್ಲ.

ಶುಕ್ರವಾರ ಬೆಳಗ್ಗೆ, ಅಭ್ಯಾಸಕ್ಕೆ ಮೊದಲ ಕಾರು ಬಂತು ನೋಡಿ. ಕಾರಿಗಿಂತ ಮುಂಚೆ ಸದ್ದು ಬಂತು. ಆಗಿನ್ನೂ 2.4 ಲೀಟರಿನ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್, ನಿಮಿಷಕ್ಕೆ 18,000 ಸುತ್ತು. ಸಿಳ್ಳೆ ಅನ್ನಲಾ, ಚೀರಾಟ ಅನ್ನಲಾ ಗೊತ್ತಿಲ್ಲ, ಕಿವಿಗಿಂತ ಮೊದಲು ಎದೆಗೂಡು ಅದುರಿತು. ಕೂತ ಕಬ್ಬಿಣದ ಮೆಟ್ಟಿಲೂ ಸಣ್ಣಗೆ ನಡುಗುತ್ತಿತ್ತು. ಪಕ್ಕದಲ್ಲಿ ಒಬ್ಬ ಸರ್ದಾರ್ಜಿ ತಾತ ಮೊಮ್ಮಗನನ್ನು ಕರೆದುಕೊಂಡು ಬಂದಿದ್ದರು. ನಾನು ಎರಡೂ ಕಿವಿಗೆ ಬೆರಳಿಟ್ಟುಕೊಂಡು ಕೂತಿದ್ದು ನೋಡಿ ನಗುತ್ತಾ ಜೇಬಿನಿಂದ ಹತ್ತಿ ತೆಗೆದು ಕೊಟ್ಟರು. ಆ ಪುಣ್ಯಾತ್ಮರಿಂದ ಮೂರು ದಿನ ಬದುಕಿದೆ.

ಇನ್ನು ಬ್ರೇಕು. ಗಂಟೆಗೆ ಮುನ್ನೂರು ಕಿಲೋಮೀಟರಿಗೂ ಮೇಲಿನ ವೇಗದಲ್ಲಿ ಬರುವ ಕಾರು "ಇನ್ನು ಮುಗೀತು, ಗೋಡೆಗೇ ಗುದ್ದುತ್ತೆ" ಅನ್ನಿಸುವ ಜಾಗದವರೆಗೂ ನಿಧಾನ ಆಗೋದೇ ಇಲ್ಲ. ಆಮೇಲೆ ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಎಳೆದ ಹಾಗೆ ನಮ್ಮ ಎದುರಿಗೇ ನಿಂತೇಬಿಡುತ್ತೆ. ಗೇರು ಒಂದೊಂದೇ ಇಳಿಯುವಾಗ ಪಟ್ ಪಟ್ ಪಟ್ ಅಂತ ಪಟಾಕಿ ಸರದ ಸದ್ದು, ಬೆನ್ನಿಗೇ ಸುಟ್ಟ ರಬ್ಬರಿನ ವಾಸನೆ. ಟಿವಿ ಕ್ಯಾಮೆರಾ ಕಾರಿನ ಜೊತೆಗೇ ತಿರುಗುತ್ತಲ್ಲ, ಅದಕ್ಕೇ ಅದರಲ್ಲಿ ವೇಗ ಕಾಣೋದಿಲ್ಲ. ಇಲ್ಲಿ ಕತ್ತು ತಿರುಗಿಸುವಷ್ಟರಲ್ಲಿ ಕಾರೇ ಇರೋದಿಲ್ಲ.

ಭಾನುವಾರ ಮಧ್ಯಾಹ್ನ ಮೂರಕ್ಕೆ ರೇಸು. 60 ಸುತ್ತು, ಸುತ್ತಿಗೆ 5.125 ಕಿಲೋಮೀಟರು. ಸುಮಾರು ಒಂದೂವರೆ ನಿಮಿಷಕ್ಕೊಮ್ಮೆ ಕಾರುಗಳು ನಮ್ಮ ಮುಂದೆ ಹಾಯುತ್ತವೆ. ಎರಡನೇ ಸುತ್ತು ಮುಗಿಯುತ್ತಲೇ ರೆಡ್ ಬುಲ್ ತಂಡದ ಜರ್ಮನ್ ಚಾಲಕ ವೆಟ್ಟೆಲ್ ಟೈರ್ ಬದಲಿಸಲು ಟ್ರ್ಯಾಕಿನ ಪಕ್ಕದ ಪಿಟ್ಟಿಗೆ, ಅಂದರೆ ತಂಡದವರು ಕಾಯುವ ಜಾಗಕ್ಕೆ ಹೋಗಿದ್ದ. ನಮಗೆ ಅದೆಲ್ಲಿ ಗೊತ್ತು? ಮೊದಲ ಸ್ಥಾನದಲ್ಲಿ ಹೊರಟವನು ಮುಂದಿನ ಸುತ್ತಿನಲ್ಲಿ ಹಿಂದಿನವರ ಗುಂಪಿನಲ್ಲಿ ಬಂದ. ಕಾರು ಕೆಟ್ಟಿತು ಅಂತ ಇಡೀ ಸ್ಟ್ಯಾಂಡು ತೀರ್ಮಾನ ಮಾಡಿತು. ದೊಡ್ಡ ಪರದೆ ಇತ್ತು, ಬಿಸಿಲಿಗೆ ಅರ್ಧ ಕಾಣುತ್ತಿರಲಿಲ್ಲ. ಕಾಮೆಂಟರಿ ಎಂಜಿನ್ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು. ಕೊನೆಗೆ ಊರಲ್ಲಿ ಟಿವಿ ಮುಂದೆ ಕೂತಿದ್ದ ತಮ್ಮನಿಗೆ ಫೋನು ಮಾಡಿ, "ಈಗ ಯಾರೋ ಮುಂದಿರೋದು?" ಅಂತ ನಾನೇ ಕೇಳಿದೆ. ಅವನು ಎಷ್ಟು ನಕ್ಕ ಅಂತ ಹೇಳೋದು ಬೇಡ. ಇಷ್ಟರ ಮೇಲೆ ಒಂದು ಸುತ್ತಿನಲ್ಲಿ ವೆಟ್ಟೆಲ್ ತಂಡದ ಇನ್ನೊಬ್ಬ ಚಾಲಕ ವೆಬ್ಬರ್ ಬರಲೇ ಇಲ್ಲ. ಕಾರಿಗೆ ಕರೆಂಟು ಕೊಡುವ ಆಲ್ಟರ್ನೇಟರ್ ಕೈಕೊಟ್ಟಿತ್ತು ಅಂತ ಆಮೇಲೆ ಓದಿ ತಿಳಿದುಕೊಂಡೆ.

ವೆಟ್ಟೆಲ್ ಗೆದ್ದ. ಸತತ ನಾಲ್ಕನೇ ವಿಶ್ವ ಪಟ್ಟವೂ ಅವತ್ತೇ ಅವನದಾಯಿತು. ನೇರ ಪಾರ್ಕಿಂಗಿಗೆ ಹೋಗಬೇಕಾದವನು ಮುಖ್ಯ ಸ್ಟ್ಯಾಂಡಿನ ಮುಂದೆ ಕಾರನ್ನು ಬುಗುರಿ ಹಾಗೆ ಗರಗರ ತಿರುಗಿಸಿ, ಕೆಳಗಿಳಿದು ಕಾರಿಗೇ ತಲೆಬಾಗಿ ನಮಸ್ಕಾರ ಮಾಡಿದ. ಕೈಗವಸು ಬಿಚ್ಚಿ ಜನರ ಕಡೆ ಎಸೆದ. ನೇರ ಪಾರ್ಕಿಂಗಿಗೆ ಹೋಗದ್ದಕ್ಕೆ 25,000 ಯೂರೋ ದಂಡ ಬಿತ್ತು. ಇದೆಲ್ಲ ನಡೆದಾಗ ನಾನು ಅದೇ ಸರ್ಕ್ಯೂಟಿನ ಇನ್ನೊಂದು ಮೂಲೆಯಲ್ಲಿ ಟಾಯ್ಲೆಟ್ಟಿನ ಕ್ಯೂನಲ್ಲಿದ್ದೆ. ದೂರದಲ್ಲಿ ಜನ ಹೋ ಅಂದಿದ್ದು ಕೇಳಿಸಿತು. ವಿಡಿಯೋ ನೋಡಿದ್ದು ರಾತ್ರಿ, ಲಾಡ್ಜಿಗೆ ಬಂದು, ಮೊಬೈಲಿನಲ್ಲಿ.

ಭಾರತದ ಗ್ರ್ಯಾನ್ ಪ್ರೀ, ಅಂದರೆ ಇಲ್ಲಿನ ಫಾರ್ಮುಲಾ ಒನ್ ರೇಸು, ಅದೇ ಕೊನೆ. 2011ರಿಂದ ಮೂರೇ ವರ್ಷ ನಡೆದಿದ್ದು, ಮೂರನ್ನೂ ವೆಟ್ಟೆಲ್ಲೇ ಗೆದ್ದ. ಮುಂದಿನ ವರ್ಷವೇ ವಿ8 ಹೋಗಿ 1.6 ಲೀಟರಿನ ಟರ್ಬೋ ವಿ6 ಬಂತು. ಸದ್ದು ಬಹಳ ತಗ್ಗಿತು. ಹಾಗಾಗಿ ನಾನು ಹೇಳಿದ ಎದೆ ನಡುಕ ಈಗ ಅಷ್ಟೇ ಸಿಗುತ್ತೆ ಅಂತ ಮಾತು ಕೊಡಲಾರೆ.

ಸಿಂಗಪುರಕ್ಕೋ ಅಬುಧಾಬಿಗೋ ಹೋಗುವ ಯೋಚನೆ ಇದ್ದರೆ ಮೂರೂ ದಿನದ ಟಿಕೆಟ್ ತಗೊಳ್ಳಿ. ಶುಕ್ರವಾರ ಮಾತ್ರ ತಪ್ಪಿಸಬೇಡಿ, ಅವತ್ತು ಜನ ಕಡಿಮೆ, ಲೆಕ್ಕಾಚಾರದ ತಲೆನೋವಿಲ್ಲ, ಬರೀ ಕಾರು ನೋಡಬಹುದು. ಸೀಟು ಉದ್ದನೆಯ ನೇರ ದಾರಿ ಮುಗಿದು ಬ್ರೇಕ್ ಹಾಕುವ ಜಾಗದಲ್ಲಿ, ಪರದೆ ಎದುರಿಗೇ ಬರುವ ಹಾಗೆ ಆರಿಸಿಕೊಳ್ಳಿ. ಮಧ್ಯಾಹ್ನದ ರೇಸಾದರೆ ಟೋಪಿ, ರೇಸು ಯಾವುದೇ ಆಗಲಿ ಕಿವಿಗೆ ಹತ್ತಿ. ಅಷ್ಟು ದುಡ್ಡು ಹಾಕುವ ಮುಂಚೆ ರುಚಿ ನೋಡಬೇಕು ಅನ್ನಿಸಿದರೆ ಚೆನ್ನೈ ಪಕ್ಕದ ಇರುಂಗಾಟುಕೋಟೈ ಟ್ರ್ಯಾಕಿನಲ್ಲಿ ರಾಷ್ಟ್ರೀಯ ಮಟ್ಟದ ರೇಸು ನಡೆಯುತ್ತಿರುತ್ತವೆ. ಬೆಂಗಳೂರಿಂದ ಬೆಳಗಿನ ಜಾವ ಹೊರಟರೆ ಸಾಕು, ಚಕ್ಕುಲಿ ಕಾರಿನಲ್ಲೇ ಬಿಟ್ಟು ಒಳಗೆ ಹೋಗಿ.