ಬಾನೆಟ್ ಕೀಚಲು

ಪ್ರಶ್ನೆ: ನಮ್ಮಲ್ಲಿ 1965ರ ಇಂಪಾಲಾ ಕಾರು ಇದೆ. ಮುಂಬೈ ಮಳೆಗಾಲ ಮುಗಿದಾಗಿನಿಂದ ಬಾನೆಟ್ ಎತ್ತಿದರೆ ಕೀರ್ ಎನ್ನುತ್ತದೆ. ಡಬ್ಲ್ಯೂಡಿ-40 ಹೊಡೆದರೆ ಎರಡೇ ದಿನ ಸುಮ್ಮನಿರುತ್ತದೆ. ಏನು ಮಾಡಲಿ?
– ಓದುಗರು, ಮಾಟುಂಗಾ

ಉತ್ತರ: ಆ ಸ್ಪ್ರೇ ತುಕ್ಕು ಸಡಿಲಿಸುತ್ತದೆ, ಆದರೆ ಬಹಳ ತೆಳು, ಭಾರ ಹೊತ್ತ ಕೀಲಿನಲ್ಲಿ ನಿಲ್ಲುವುದಿಲ್ಲ. ಬಾನೆಟ್ ಪೂರ್ತಿ ಎತ್ತಿ, ಮರದ ತುಂಡಿನ ಆಸರೆ ಕೊಡಿ. ಹಿಂಜಿನ, ಅಂದರೆ ಬಾನೆಟ್ ಕೀಲಿನ, ರಿವೆಟ್‌ಗಳನ್ನು ಸೀಮೆಎಣ್ಣೆ, ಹಳೆ ಟೂತ್‌ಬ್ರಶ್‌ನಿಂದ ತಿಕ್ಕಿ ಒರೆಸಿ. ಪ್ರತಿ ರಿವೆಟ್‌ಗೂ ಎರಡು ಮೂರು ಹನಿ ಎಂಜಿನ್ ಆಯಿಲ್ ಬಿಟ್ಟು, ಆಸರೆ ತೆಗೆದು, ಹತ್ತು ಹದಿನೈದು ಸಲ ನಿಧಾನವಾಗಿ ಇಳಿಸಿ ಎತ್ತಿ. ಕಂದು ರಸ ಬರುವುದು ನಿಲ್ಲುವವರೆಗೂ ಒರೆಸಿ, ಮತ್ತೆ ಹನಿಸಿ.

ಅಷ್ಟಾದರೂ ಕೀಚಿದರೆ ತಪ್ಪು ಹಿಂಜಿಗೆ ಸಿಕ್ಕಿಸಿದ ಸುರುಳಿ ಸ್ಪ್ರಿಂಗಿನದು. ಅದರ ಕೊಕ್ಕೆ ಕೂರುವ ಕಚ್ಚಿಗೆ ಬಿಳಿ ಲಿಥಿಯಂ ಗ್ರೀಸ್ ಹಚ್ಚಿ. ಬಾನೆಟ್ ಅರ್ಧ ಇಳಿದಾಗ ಸುರುಳಿಗಳು ಬಿಡಿಸಿಕೊಳ್ಳುತ್ತವೆ. ಒಬ್ಬರು ಹಿಡಿದುಕೊಂಡಿರಲಿ, ಸಂದುಗಳಿಗೆ ಬ್ರಶ್‌ನಿಂದ ತೆಳುವಾಗಿ ಸವರಿ. ಬೆರಳು ಮಾತ್ರ ತೂರಿಸಬೇಡಿ. ಸ್ಕ್ರೂಡ್ರೈವರ್‌ನಿಂದ ಸ್ಪ್ರಿಂಗ್ ಮೀಟಿ ತೆಗೆಯುವ ಸಾಹಸವೂ ಬೇಡ, ಅದು ಹಾರಿದರೆ ಕಣ್ಣಿಗೇ ಅಪಾಯ.

ಬಿಗಿಯಾದ ಹಿಂಜನ್ನು ಒತ್ತಿ ಮುಚ್ಚಿದರೆ ಬಾನೆಟ್ಟೇ ಹಿಂಬದಿ ಮೂಲೆಯಲ್ಲಿ ಮಡಚಿಕೊಳ್ಳುತ್ತದೆ. ರಿವೆಟ್ ತೂತು ಅಗಲವಾಗಿ ಹಿಂಜು ಅಲುಗಾಡುತ್ತಿದ್ದರೆ ಎಣ್ಣೆ ದಂಡ, ಹಿಂಜನ್ನೇ ಬದಲಿಸಿ.