ರೊಟ್ಟಿ ಬಡಿಯುವ ಕೈ ನಿಂತಾಗ

ವಿಜಯಪುರದಲ್ಲಿ ನನ್ನ ಹತ್ತಿರ ಆಪ್ತಸಲಹೆಗೆ ಬರುವ ವಿದ್ಯಾರ್ಥಿಗಳಲ್ಲಿ ನರ್ಸಿಂಗ್, ಪ್ಯಾರಾಮೆಡಿಕಲ್ ಓದುವವರು ಜಾಸ್ತಿ. ಪರೀಕ್ಷೆ ಭಯ, ಹಾಸ್ಟೆಲ್ ಜಗಳ, ಮನೆಯಲ್ಲಿ ಮದುವೆಯ ಅವಸರ, ಇವೆಲ್ಲ ಇದ್ದದ್ದೇ. ಆದರೆ ಒಂದು ಕಥೆ ಮಾತ್ರ ಮತ್ತೆ ಮತ್ತೆ ಬರುತ್ತದೆ, ರೋಗಿಯ ಗುಟ್ಟು ಮನೆಯಲ್ಲಿ ಬಯಲಾದ ಕಥೆ. ಊರು ಬೇರೆ, ಹುಡುಗಿ ಬೇರೆ, ಕಥೆ ಅದೇ. ಹೋದ ವರ್ಷ ಬಂದ ಪ್ರಕರಣದಲ್ಲಿ ನಾನೂ ಜಾರಿಬಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ. ಹುಡುಗಿಯ ಒಪ್ಪಿಗೆ ಇದೆ. ಕೆಮ್ಮೊಂದನ್ನು ಬಿಟ್ಟು ಉಳಿದ ಗುರುತುಗಳನ್ನೆಲ್ಲ ಬದಲಿಸಿದ್ದೇನೆ.

ಹುಡುಗಿ ಲ್ಯಾಬ್ ಡಿಪ್ಲೊಮಾ ಎರಡನೇ ವರ್ಷದವಳು. ದಿನಾ ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಒಂದು ಆಸ್ಪತ್ರೆಯಲ್ಲಿ ತರಬೇತಿ ಪಡೆಯುತ್ತಿದ್ದಳು. ಊಟ ಬಿಟ್ಟಿದ್ದಾಳೆ, ಕೋರ್ಸ್ ಬಿಡ್ತೀನಿ ಅಂತಾಳೆ ಎಂದು ಅವಳ ಉಪನ್ಯಾಸಕಿ ಕರೆತಂದು ಕೂರಿಸಿ ಹೋದರು.

ನಡೆದದ್ದು ಇಷ್ಟು. ಒಂದು ದಿನ ಅವಳ ಓಣಿಯ ಕಡೇ ಮನೆಯ ಸೊಸೆ ಕಫದ ಪರೀಕ್ಷೆಗೆ ಬಂದಿದ್ದಳು. ಎರಡು ವಾರ ಮೀರಿದ ಕೆಮ್ಮು ಇದ್ದರೆ ಟಿಬಿ ಇದೆಯೋ ಎಂದು ನೋಡಲೇಬೇಕು, ಅದು ಆಸ್ಪತ್ರೆಯಲ್ಲಿ ದಿನನಿತ್ಯದ ಕೆಲಸ. ಹುಡುಗಿ ಡಬ್ಬಿ ಕೊಟ್ಟಳು. ಬಾಯಿ ಮುಕ್ಕಳಿಸಿ, ಬಯಲಲ್ಲಿ ನಿಂತು ಎದೆಯಿಂದ ಕೆಮ್ಮಿ ತೆಗೀಬೇಕು, ಬರೀ ಎಂಜಲು ಬೇಡ, ನಾಳೆ ಮುಂಜಾನೆ ಎದ್ದ ಕೂಡಲೇ ಇನ್ನೊಂದು ಡಬ್ಬಿ ತುಂಬಿ ತಾ ಅಂತ ಹೇಳಿಕೊಟ್ಟಳು. ಅಲ್ಲಿಯವರೆಗೆ ಒಂದು ತಪ್ಪೂ ಇಲ್ಲ.

ಸಂಜೆ ಅವ್ವ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. "ಕಡೀ ಮನಿ ಸೊಸಿ ನಿಮ್ಮ ದವಾಖಾನ್ಯಾಗ ಇದ್ಲಂತ. ಏನಾಗೇತಿ ಆಕಿಗೆ?" ಹುಡುಗಿ ಹೇಳಿದ್ದು ಒಂದೇ ಮಾತು: "ಅದನ್ನ ಕೇಳಬ್ಯಾಡವ್ವಾ. ನಾ ಹೇಳಂಗಿಲ್ಲ."

ನಾಲ್ಕು ದಿನದಲ್ಲಿ ಸುದ್ದಿ ಹಿಟ್ಟಿನ ಗಿರಣಿ ಮುಟ್ಟಿ ವಾಪಸ್ ಬಂತು. ಅತ್ತೆ ಸೊಸೆಯ ತಾಟು, ಲೋಟ ಬೇರೆ ಇಟ್ಟಳು. ಆಮೇಲೆ ತವರಿಗೆ ಕಳಿಸಿದಳು. ನಮ್ಮ ಗೋಳಗುಮ್ಮಟದ ಒಳಗೆ ಒಮ್ಮೆ ಕೂಗಿದರೆ ಏಳು ಸಲ ಕೇಳಿಸುತ್ತದೆ ಅಂತಾರೆ. ಓಣಿ ಅದಕ್ಕಿಂತ ಮೇಲು, ಕೂಗದೇ ಇದ್ದರೂ ಕೇಳಿಸುತ್ತದೆ.

"ನಾ ಏನೂ ಹೇಳಿಲ್ರಿ ಮೇಡಂ," ಅಂದಳು ಹುಡುಗಿ. "ಕಾಲೇಜಿನ್ಯಾಗ ಕಲಿಸಿದ್ದನ್ನ ಮಾಡೀನ್ರಿ. ಹೇಳಂಗಿಲ್ಲ ಅಂತ ಹೇಳೀನ್ರಿ."

ನಿಜ. ರೋಗಿಯ ವಿಷಯ ಗುಟ್ಟಾಗಿಡಬೇಕು ಎಂಬುದು ಪುಸ್ತಕದಲ್ಲಿ ಒಂದು ಸಾಲು. ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕವನ್ನೂ ತಗೊಂಡಿದ್ದಳು. ನಾನು ಕೇಳಿದೆ, "ಹಿಂದಿನ ದಿನ ಅವ್ವ ಕೇಳಿದಾಗ ಏನಂದಿದ್ದೆ?"

"ಗೌಡ್ರ ಕಾಕಾ ಬಂದಿದ್ದ, ಸಕ್ಕರಿ ಟೆಸ್ಟಿಗೆ ಅಂತ."

"ಅದರ ಹಿಂದಿನ ದಿನ?"

"ದೊಡ್ಡಮ್ಮಂದು ರಕ್ತ ಕಡಿಮಿ ಐತಿ ಅಂತ..."

ಅಲ್ಲಿಗೆ ನಿಂತಳು. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತಳು. ತುಂಬಾ ಹೊತ್ತಿನ ಮೇಲೆ ಅಂದಳು: "ಮೇಡಂ, ಅವ್ವನ ಕೈ ನಿಂತಿತ್ರಿ. ರೊಟ್ಟಿ ಬಡಿಯೂ ಸಪ್ಪಳ ನಿಂತಾಗs ನನಗ ಗೊತ್ತಾಗಿತ್ರಿ, ನಾ ಹೇಳಿಬಿಟ್ಟೆ ಅಂತ."

ದಿನಾ ಎಲ್ಲರದ್ದೂ ಹೇಳಿ, ಒಬ್ಬಳದ್ದು ಮಾತ್ರ ಹೇಳಲ್ಲ ಅಂದರೆ ಕೇಳುವವರಿಗೆ ಅಷ್ಟು ಸಾಕು. ಅವ್ವ ಕೆಟ್ಟವಳಲ್ಲ. ಆ ಮನೆಯಲ್ಲಿ ತನ್ನ ಸಣ್ಣ ಮಗ ಮಜ್ಜಿಗೆ ಕುಡಿದು ಬಂದಿದ್ದ ಎಂಬ ಗಾಬರಿ ಅವಳದ್ದು. ಟಿಬಿ ಹರಡುವುದು ಗಾಳಿಯಲ್ಲಿ, ತಾಟು ಲೋಟದಿಂದಲ್ಲ ಎಂದು ಅವಳಿಗೆ ಯಾರೂ ಕೂತು ಹೇಳಿರಲಿಲ್ಲ.

ಇನ್ನು ನನ್ನ ತಪ್ಪು. ಕಥೆ ಕೇಳುತ್ತಾ ಕೇಳುತ್ತಾ ನನ್ನ ಬಾಯಿಂದ ಬಂತು: "ಹೌದು, ರಿಪೋರ್ಟ್ ಏನು ಬಂತವಾ?"

ಹುಡುಗಿ ಥಟ್ಟನೆ ಹೇಳಿಬಿಟ್ಟಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ನನಗೆ ಆ ರಿಪೋರ್ಟಿನಿಂದ ಆಗಬೇಕಾದ್ದು ಏನೂ ಇರಲಿಲ್ಲ. ಸಲಹೆ ಕೊಡಲು ಅದು ಬೇಕಿರಲಿಲ್ಲ. ಸುಮ್ನೆ ಕುತೂಹಲ, ಅಷ್ಟೇ. ಅವಳಿಗೋ, ಮೇಡಂ ಕೇಳಿದರು ಅಂದಮೇಲೆ ಹೇಳಬಾರದು ಎಂಬುದೇ ತೋಚಿರಲಿಲ್ಲ. "ನಾನೂ ನಿಮ್ಮವ್ವನ ಹಾಗೇ ಕೇಳಿದೆ ನೋಡು" ಅಂದೆ. ಅವಳು ಆವತ್ತು ಮೊದಲ ಸಲ ನಕ್ಕಳು, ನಗುತ್ತಲೇ ಅತ್ತಳು. ಒಂದು ಗಂಟೆ ಉಪದೇಶ ಮಾಡಿದ್ದರೂ ಆಗದ್ದು ನನ್ನ ಎಡವಟ್ಟಿನಿಂದ ಆಯಿತು. ಹಾಗಂತ ಅದನ್ನು ಉಪಾಯ ಎಂದು ಹೇಳಿಕೊಳ್ಳಲಾರೆ.

ಸ್ವಲ್ಪ ಸಮಾಧಾನವಾದ ಮೇಲೆ ಅವಳೇ ಒಂದು ಪ್ರಶ್ನೆ ಎತ್ತಿದಳು. ಟಿಬಿ ಇದ್ದರೆ ಸರ್ಕಾರಕ್ಕೆ ತಿಳಿಸಬೇಕು, ಮನೆಯವರನ್ನೂ ತಪಾಸಣೆ ಮಾಡ್ತಾರೆ. ಹೇಗಿದ್ದರೂ ಅತ್ತೆಗೆ ಗೊತ್ತಾಗುತ್ತಿತ್ತಲ್ಲ? ಒಳ್ಳೇ ಪ್ರಶ್ನೆ. ಟಿಬಿ ಪ್ರಕರಣ ತಿಳಿಸಲೇಬೇಕು ಎಂಬ ನಿಯಮ 2012ರಿಂದ ಇದೆ. ಆದರೆ ಅದು ಆರೋಗ್ಯ ಇಲಾಖೆಗೆ ತಿಳಿಸುವುದು, ಒಲೆಯ ಮುಂದೆ ಹೇಳುವುದಲ್ಲ. ಕಾಯಿಲೆ ಇದೆ ಅಂತಾದರೆ ಆಸ್ಪತ್ರೆಯವರು ಮನೆಗೆ ಬಂದು, ಔಷಧಿ ಪುಕ್ಕಟೆ, ಸಾಮಾನ್ಯ ಟಿಬಿಗೆ ಆರು ತಿಂಗಳ ಚಿಕಿತ್ಸೆ, ಸರಿಯಾಗಿ ಮಾತ್ರೆ ನುಂಗಿದರೆ ಕೆಲವೇ ವಾರದಲ್ಲಿ ಹರಡುವುದು ತಗ್ಗುತ್ತದೆ ಅಂತ ತಿಳಿಸಿ ಹೇಳುತ್ತಾರೆ. ಆಗ ಸೊಸೆ ಪಕ್ಕದಲ್ಲೇ ಇರುತ್ತಾಳೆ. ಗಿರಣಿಯಲ್ಲಿ ಸುದ್ದಿ ಹಬ್ಬಿದಾಗ ಅವಳ ಎರಡನೇ ಡಬ್ಬಿಯೂ ಲ್ಯಾಬಿಗೆ ಬಂದಿರಲಿಲ್ಲ. ಓಣಿ ಮಾತ್ರ ರಿಪೋರ್ಟ್ ಕೊಟ್ಟಾಗಿತ್ತು.

ನಾನು ಕೊಟ್ಟ ಮೊದಲ ಸಲಹೆ: ಇವತ್ತೇ ಸಂಜೆ, ಮುಚ್ಚಿಡುವಂಥದ್ದು ಏನೂ ಇಲ್ಲದ ದಿನವೇ, "ದವಾಖಾನಿ ಮಾತು ದವಾಖಾನ್ಯಾಗ" ಅಂತ ಅವ್ವನಿಗೆ ಹೇಳಿಬಿಡು. ಸಕ್ಕರೆ ಕಾಯಿಲೆಗೂ ಅದೇ ಉತ್ತರ, ಕಾಲುನೋವಿಗೂ ಅದೇ, ಹೆರಿಗೆಯ ಸಿಹಿ ಸುದ್ದಿಗೂ ಅದೇ. ಬಂದಿದ್ದರಾ ಇಲ್ಲವಾ ಎಂಬುದಕ್ಕೂ ಅದೇ.

ಎರಡನೆಯದು, ಲ್ಯಾಬ್ ಇನ್‌ಚಾರ್ಜ್ ಹತ್ತಿರ ಹೋಗಿ ನಡೆದದ್ದನ್ನು ನೀನೇ ಹೇಳು. ಇದಕ್ಕೆ ಹುಡುಗಿ ತುಂಬಾ ಹೆದರಿದಳು. ನಾನು ಬಿಡಲಿಲ್ಲ. ಶಿಕ್ಷೆ ಆಗಲಿ ಅಂತಲ್ಲ. ಆ ಸೊಸೆ ಈಗ ತವರಿನಲ್ಲಿದ್ದಾಳೆ. ರಿಪೋರ್ಟ್ ಏನೇ ಇರಲಿ, ಅದು ಅವಳ ಕೈಗೆ ಸೇರಬೇಕು. ಚಿಕಿತ್ಸೆ ಬೇಕಾದರೆ ತವರಿನ ಹತ್ತಿರದ ಕೇಂದ್ರಕ್ಕೆ ವರ್ಗ ಮಾಡಲು ಬರುತ್ತದೆ. ಆದರೆ ಅವಳು ಊರು ಬಿಟ್ಟದ್ದು ಆಸ್ಪತ್ರೆಗೆ ಗೊತ್ತಾದರೆ ತಾನೇ?

ಮೂರನೆಯದಕ್ಕೆ ನನ್ನ ಸಹೋದ್ಯೋಗಿಗಳಲ್ಲೇ ಒಬ್ಬರು ಬೈದರು. ಹುಡುಗಿ ತವರಿಗೇ ಹೋಗಿ ಆ ಸೊಸೆಯ ಕಾಲು ಹಿಡೀತೀನಿ ಅಂದಿದ್ದಳು. ನಾನು ಬೇಡ ಅಂದೆ. ಲ್ಯಾಬಿನ ಹುಡುಗಿ ಹುಡುಕಿಕೊಂಡು ಬಂದು ಅಳುತ್ತಾ ಕೂತರೆ ಅಲ್ಲಿನ ಅಕ್ಕಪಕ್ಕದವರು ಏನು ತಿಳೀತಾರೆ? ಒಂದು ಊರಲ್ಲಿ ಆದದ್ದು ಎರಡು ಊರಲ್ಲಿ ಆಗುತ್ತದೆ. ಆಸ್ಪತ್ರೆಯವರು ಆ ಹೆಣ್ಣುಮಗಳನ್ನು ಕೇಳಲಿ, ಆಕೆ ಒಪ್ಪಿದರೆ ಆಸ್ಪತ್ರೆಯಲ್ಲೇ ಕ್ಷಮೆ ಕೇಳು ಅಂದೆ. "ಕಷ್ಟದ ಕೆಲಸದಿಂದ ಹುಡುಗಿಯನ್ನು ತಪ್ಪಿಸಿದಿರಿ" ಎಂಬುದು ಸಹೋದ್ಯೋಗಿಯ ಆಕ್ಷೇಪ. ಇರಬಹುದು. ಆದರೂ ನಾಳೆ ಇಂಥದ್ದೇ ಬಂದರೆ ಇದನ್ನೇ ಹೇಳುತ್ತೇನೆ.

ಇನ್‌ಚಾರ್ಜ್ ಬೈದರು, ಎರಡು ವಾರ ರೋಗಿಗಳ ಮುಂದೆ ನಿಲ್ಲಿಸಲಿಲ್ಲ, ಕೋರ್ಸ್ ಬಿಡಿಸಲಿಲ್ಲ. ಅವ್ವನದ್ದೇ ಜಾಸ್ತಿ ಆಯಿತು. "ಇನ್ನಾ ನೌಕರಿ ಸಿಕ್ಕಿಲ್ಲ, ಈಗs ದೊಡ್ಡಸ್ತಿಕಿ ಬಂತು" ಅಂತ ವಾರಗಟ್ಟಲೆ ಮುಖ ತಿರುಗಿಸಿದಳಂತೆ. ಕೊನೆಯ ಸಲ ಬಂದಾಗ ಹುಡುಗಿ ಹೇಳಿದಳು, ಈಗ ಅವ್ವ ರೊಟ್ಟಿ ಬಡಿಯುತ್ತಾ ಕೇಳುವುದು ಬಸ್ಸಿನಲ್ಲಿ ಸೀಟು ಸಿಕ್ಕಿತಾ ಅಂತ.

ಕಡೇ ಮನೆಯ ಅಂಗಳದಲ್ಲಿ ಸೊಸೆ ಇನ್ನೂ ಕಾಣಿಸಿಲ್ಲ ಎಂದೂ ಹೇಳಿದಳು. ಅದು ಓಣಿಯವರೆಲ್ಲರಿಗೂ ಕಾಣುವ ಸಂಗತಿ.